ಅಪ್ಪನ ಅಮೆರಿಕನ್ ಇಂಗ್ಲಿಷು

ಲಂಡನ್ನಿನಲ್ಲಿ ಎದುರು ಸಿಕ್ಕವರೆಲ್ಲ ‘ಆಲ್‌ರೈಟ್?’ ಎಂದು ಕೇಳುತ್ತಾರೆ. ಕೇಳುತ್ತಾರೆ ಎಂದೆನೇ? ತಪ್ಪಾಯಿತು, ಕ್ಷಮಿಸಿ, ಪ್ರಶ್ನೆ ಕೇಳಿದವರು ಉತ್ತರಕ್ಕಾಗಿ ನಿಲ್ಲುವುದು ಲೋಕಾರೂಢಿ, ಇವರು ನಿಲ್ಲುವುದಿಲ್ಲ. ಲಂಡನ್ನಿನ ಅಂಚಿನ ಫೆಲ್ಥಮ್ಮಿಗೆ ಬಂದ ಹೊಸತರಲ್ಲಿ ನಾನು ಪರಕೀಯರ ಈ ಅಪಾರ ಕಾರುಣ್ಯಕ್ಕೆ ಕರಗಿಹೋಗಿ, ನನ್ನ ಮಂಡಿನೋವಿನಿಂದ ಆರಂಭಿಸಿ ಊರಿನಲ್ಲಿರುವ ಅತ್ತೆಯವರ ಸಕ್ಕರೆ ಕಾಯಿಲೆಯವರೆಗೆ ಸವಿಸ್ತಾರವಾಗಿ ನಿವೇದಿಸಿಕೊಳ್ಳಲು ಹೊರಡುತ್ತಿದ್ದೆ. ಪೀಠಿಕೆ ಮುಗಿಯುವಷ್ಟರಲ್ಲಿ ಅಂಚೆಯವನು ಮೂರು ಮನೆ ದಾಟಿರುತ್ತಿದ್ದ.

ಬುದ್ಧಿ ಬಂದ ಮೇಲೆ ‘ಸ್ವೆಲ್, ಥ್ಯಾಂಕ್ಸ್!’ ಎಂದು ಚುಟುಕಾಗಿ ಮುಗಿಸತೊಡಗಿದೆ. ಆಗ ಒಂದು ಚಮತ್ಕಾರ ನಡೆಯಿತು: ಜನ ನಿಲ್ಲತೊಡಗಿದರು. ಸೀರೆಯ ಮೇಲೆ ದಪ್ಪ ಕೋಟು ತೊಟ್ಟ ಹೆಂಗಸಿನ ಬಾಯಿಂದ ‘ಸ್ವೆಲ್’ ಬಂದರೆ ನಿಲ್ಲದೆ ಏನು ಮಾಡಿಯಾರು? ಆ ಶಬ್ದಕ್ಕೆ ‘ಬಹಳ ಸೊಗಸು’ ಎಂದಷ್ಟೇ ಅರ್ಥ, ಆದರೆ ಅದನ್ನು ಹಾಗೆ ಬಳಸುತ್ತಿದ್ದ ಅಮೆರಿಕನ್ನರು ಈಗ ಮುದುಕರಾಗಿದ್ದಾರೆ ಅಥವಾ ಸತ್ತುಹೋಗಿದ್ದಾರೆ. ನಾನು ಕೆಲಸ ಮಾಡುತ್ತಿದ್ದದ್ದು ವಿಮಾನ ನಿಲ್ದಾಣದಲ್ಲಿ, ಕಳೆದುಹೋದ ಸಾಮಾನು ಹಿಂತಿರುಗಿಸುವ ಕೌಂಟರಿನಲ್ಲಿ. ಒಮ್ಮೆ ಅಮೆರಿಕದ ತರುಣನೊಬ್ಬ ಕ್ಯಾಮೆರಾ ಕಳೆದುಕೊಂಡು ಕೂಗಾಡುತ್ತ ಬಂದಾಗ, ‘ಹೋಲ್ಡ್ ಯುವರ್ ಹಾರ್ಸಸ್, ಬಡ್ಡಿ’ ಎಂದೆ. ಸ್ವಲ್ಪ ತಾಳಪ್ಪ ತಮ್ಮಾ ಎಂಬ ಭಾವದಲ್ಲಿ. ಅವನು ಕ್ಯಾಮೆರಾವನ್ನೇ ಮರೆತು ನನ್ನನ್ನು ನೋಡಿ, ತನ್ನ ಮುತ್ತಜ್ಜಿ ಹೀಗೆಯೇ ಮಾತಾಡುತ್ತಿದ್ದಳೆಂದೂ, ಆಮೇಲೆ ಯಾರ ಬಾಯಲ್ಲೂ ಕೇಳಿಲ್ಲವೆಂದೂ ಹೇಳಿದ. ಅಂದರೆ ನೋಡಿ, ಇಂಗ್ಲೆಂಡಿನವರದೂ ಅಲ್ಲದ, ಅಮೆರಿಕದವರಿಗೂ ಬೇಡವಾದ ಒಂದು ಇಂಗ್ಲಿಷು ನನ್ನದು. ಇದಕ್ಕೆ ಕಾರಣ ನಮ್ಮಪ್ಪ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಅಮೆರಿಕದ ಸೈನಿಕರು ಬಂದು, ಕೆಟ್ಟ ವಿಮಾನಗಳನ್ನು ರಿಪೇರಿ ಮಾಡಿ ಕಳಿಸುತ್ತಿದ್ದರು. ಹತ್ತೊಂಬತ್ತು ವರ್ಷದ ಅಪ್ಪ ಅಲ್ಲಿ ಫಿಟ್ಟರ್ ಆಗಿ ಸೇರಿದಾಗ ಅವರಿಗೆ ಬರುತ್ತಿದ್ದ ಇಂಗ್ಲಿಷು ರಜಾ ಅರ್ಜಿಯ ಒಕ್ಕಣೆಯಷ್ಟೇ. ಉಳಿದದ್ದನ್ನೆಲ್ಲ ಅವರ ಬಾಯಿಗೆ ಹಾಕಿದವನು ಬಡ್ ಎಂಬ ಕೆಂಪು ಕೂದಲಿನ ಸಾರ್ಜೆಂಟ್. ಅವನು ಅಪ್ಪನ ಪಾಲಿಗೆ ಸಾಹೇಬ. ಆದ್ದರಿಂದ ಅವನಾಡುವುದು ಸಾಹೇಬರ ಭಾಷೆ. ಆದ್ದರಿಂದ ಅದು ಗೌರವಾನ್ವಿತವಾದ, ಸಭಾಮರ್ಯಾದೆಗೆ ತಕ್ಕ, ಪರಮ ವಿನಯದ ಇಂಗ್ಲಿಷು. ಅಪ್ಪನ ತರ್ಕದಲ್ಲಿ ಎಲ್ಲೂ ಲೋಪವಿರಲಿಲ್ಲ. ಅದು ಗ್ಯಾರೇಜಿನ ಪೋಲಿ ಮಾತೆಂದು ಹೇಳುವವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ, ಅಷ್ಟೆ.

ಹೀಗಾಗಿ ನಾವು ಮಕ್ಕಳು ಆ ಭಾಷೆಯನ್ನು ಶ್ಲೋಕದ ಹಾಗೆ ಕಲಿತೆವು. ಅಮ್ಮನ ಬಿಸಿಬೇಳೆಭಾತು ‘ಕ್ಯಾಟ್ಸ್ ಪಜಾಮಾಸ್’, ಅಂದರೆ ಅದಕ್ಕಿಂತ ಉತ್ತಮವಾದದ್ದು ಜಗತ್ತಿನಲ್ಲಿಲ್ಲ. ಬೆಕ್ಕು ಪೈಜಾಮ ಹಾಕಿಕೊಂಡರೆ ಅದರಲ್ಲಿ ಉತ್ತಮವಾದದ್ದೇನು ಎಂದು ನಾವು ಕೇಳಲಿಲ್ಲ, ಅಪ್ಪನೂ ಬಡ್‌ನನ್ನು ಕೇಳಿರಲಾರರು. ಬೆಳಗಿನ ಕಾಫಿ ‘ಕಪ್ ಆಫ್ ಜೋ’. ಒಂದಕ್ಷರ ಇಂಗ್ಲಿಷು ಬಾರದ ಅಮ್ಮ ಸಂಡಿಗೆಗೆ ಬಂದ ಕಾಗೆಯನ್ನು ‘ಸ್ಕ್ರಾಮ್! ಸ್ಕ್ರಾಮ್!’ ಎಂದು ಓಡಿಸುತ್ತಿದ್ದಳು. ತೊಲಗು ಎಂಬುದಕ್ಕೆ ಅದು ಅಚ್ಚಗನ್ನಡವೆಂದೇ ಅವಳು ಕೊನೆಯವರೆಗೂ ನಂಬಿದ್ದಳು. ಹೆಡ್‌ಮಿಸ್ಟ್ರೆಸ್ಸಿಗೆ ‘ಓಕಿ-ಡೋಕಿ, ಮೇಡಂ’, ಅಂದರೆ ಆಗಲಿ ಮೇಡಂ, ಎಂದು ಕೈಮುಗಿದು ಹೇಳಿದ ತಪ್ಪಿಗೆ ನಾನೊಂದು ಇಡೀ ಮಧ್ಯಾಹ್ನ ಬೆಂಚಿನ ಮೇಲೆ ನಿಂತದ್ದುಂಟು. ಅಪ್ಪ ವಿಷಯ ತಿಳಿದು, ಆ ಹೆಡ್‌ಮಿಸ್ಟ್ರೆಸ್ಸಿಗೆ ಇಂಗ್ಲಿಷು ಸಾಲದು ಎಂದು ತೀರ್ಪು ಕೊಟ್ಟರು.

ಇಷ್ಟಾಗಿದ್ದರೆ ಇದು ನಗುವ ಮಾತು. ಆದರೆ ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ನೋವು, ಭಯ, ಕೆಟ್ಟ ಸುದ್ದಿ, ಇವನ್ನು ಅಪ್ಪ ಕನ್ನಡದಲ್ಲಿ ಹೇಳುತ್ತಿರಲಿಲ್ಲ. ಯಂತ್ರಕ್ಕೆ ಅವರ ಬೆರಳಿನ ತುದಿ ಸಿಕ್ಕ ದಿನ ಬಡ್ ಅದನ್ನು ಬಟ್ಟೆಯಲ್ಲಿ ಸುತ್ತುತ್ತ, ಗಂಡಸಾದವನು ಈಗ ‘ಎವ್ರಿಥಿಂಗ್ ಈಸ್ ಹಂಕಿ-ಡೋರಿ’ ಎನ್ನಬೇಕು ಎಂದನಂತೆ. ಎಲ್ಲವೂ ಸುಸೂತ್ರವಾಗಿದೆ, ಒಂದಿಷ್ಟೂ ಚಿಂತೆಯಿಲ್ಲ ಎಂದು ಅದರ ಅರ್ಥ. ಅಂದಿನಿಂದ ಅಪ್ಪನಿಗೆ ತಲೆನೋವು ಬಂದರೆ ‘ಸ್ವೆಲ್’. ಜ್ವರ ಏರಿದರೆ ‘ರೇರಿಂಗ್ ಟು ಗೋ’, ಅಂದರೆ ಓಟಕ್ಕೆ ಸಿದ್ಧ. ನೋವು ದೊಡ್ಡದಾದಷ್ಟೂ ಮಾತು ಠೀವಿಯದು. ಅಮ್ಮನ ಹೊಟ್ಟೆಯ ಗಡ್ಡೆಯ ವಿಷಯ ಡಾಕ್ಟರಿಂದ ಕೇಳಿಕೊಂಡು ಆಸ್ಪತ್ರೆಯ ಕಾರಿಡಾರಿಗೆ ಬಂದ ಅಪ್ಪ, ನಮ್ಮ ಮುಖ ನೋಡದೆ ‘ಹಂಕಿ-ಡೋರಿ’ ಎಂದರು. ನಾವು ಮೂವರು ಮಕ್ಕಳೂ ಅಲ್ಲಿಯೇ ಗೋಡೆಗೊರಗಿ ಅತ್ತುಬಿಟ್ಟೆವು.

ಅಮ್ಮ ಹೋದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಅಪ್ಪನನ್ನು ಫೆಲ್ಥಮ್ಮಿಗೆ ಕರೆಸಿಕೊಂಡೆ. ಊರು ಅವರಿಗೆ ಮೊದಲ ದಿನವೇ ಹಿಡಿಸಿತು, ಏಕೆಂದರೆ ನಮ್ಮ ಮನೆಯ ಹೆಂಚು ಸವರಿಕೊಂಡು ಹೋಗುವ ಹಾಗೆ ವಿಮಾನಗಳು ಇಳಿಯುತ್ತವೆ. ಇತರರಿಗೆ ನರಕವಾದ ಆ ಸದ್ದು ಅಪ್ಪನಿಗೆ ಸಂಗೀತ ಕಚೇರಿ. ಚಳಿಯಲ್ಲಿ ಹಿತ್ತಿಲಿನ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದಿನಿಂದಲೇ ಇದು ಎರಡು ಎಂಜಿನ್ನಿನದು, ಇದು ನಾಲ್ಕರದು ಎಂದು ಹೇಳುತ್ತಿದ್ದರು. ಹೀಗಿರುವಾಗ ಒಂದು ಮಧ್ಯಾಹ್ನ ವಿಮಾನ ನೋಡಲು ನಿಲ್ದಾಣದ ಬೇಲಿಯವರೆಗೆ ನಡೆದು ಹೋದವರು ಮನೆಯ ದಾರಿ ಮರೆತರು. ಶಾಲೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಮಗಳು ಶ್ರುತಿ ಕಂಡು ಕರೆತಂದಳು. ನಮ್ಮ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಮರೆವಿನ ಪರೀಕ್ಷೆಗೆಂದು ಆಸ್ಪತ್ರೆಗೆ ಬರೆದುಕೊಟ್ಟರು.

ಆ ದಿನ ಅಪ್ಪ ಕೋಟು ತೊಟ್ಟು, ಟೈ ಕಟ್ಟಿ, ಶೂ ಮಿರುಗಿಸಿಕೊಂಡು ಹೊರಟರು. ದೊಡ್ಡ ಡಾಕ್ಟರನ್ನು ಕಾಣುವುದೆಂದರೆ ಸಾಮಾನ್ಯವೇ? ಡಾಕ್ಟರು ನೋಡಿದರೆ ತೆಳ್ಳಗಿನ, ಮೃದುಭಾಷಿಯಾದ ಇಂಗ್ಲಿಷ್ ತರುಣ. ಹೇಗಿದ್ದೀರಿ ಎಂದು ಕೇಳಿದರು. ಅಪ್ಪ ಎದೆ ಸೆಟೆಸಿ, ‘ಎವ್ರಿಥಿಂಗ್ ಈಸ್ ಹಂಕಿ-ಡೋರಿ, ಡಾಕ್’ ಎಂದರು. ಇವತ್ತು ಯಾವ ವಾರ ಎಂಬ ಪ್ರಶ್ನೆಗೆ ‘ಸರ್ಚ್ ಮಿ’, ಅಂದರೆ ನನಗೇನು ಗೊತ್ತು. ನಿವೃತ್ತನಿಗೆ ವಾರ ಕಟ್ಟಿಕೊಂಡು ಆಗಬೇಕಾದ್ದೇನು ಹೇಳಿ. ದೇಶದ ಪ್ರಧಾನಿ ಯಾರು ಎಂದರೆ ‘ಸಮ್ ಬಿಗ್ ಚೀಸ್’, ಯಾರೋ ಒಬ್ಬ ದೊಡ್ಡ ಮನುಷ್ಯ. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದಾಗ ‘ಈಸಿ ಆಸ್ ಪೈ’, ಬಲು ಸುಲಭ, ಎಂದು ತಪ್ಪಿಲ್ಲದೆ ಕಳೆದರು. ಏಳುವಾಗ ಕೈ ಕುಲುಕಿ, ‘ಸೋ ಲಾಂಗ್, ಡಾಕ್, ಡೋಂಟ್ ಟೇಕ್ ಎನಿ ವುಡನ್ ನಿಕಲ್ಸ್’ ಎಂದು ಹರಸಿದರು. ಹೋಗಿ ಬರುತ್ತೇನೆ, ಯಾರ ಮೋಸಕ್ಕೂ ಬೀಳದೆ ಜಾಗ್ರತೆಯಿಂದಿರಪ್ಪಾ ಎಂದು. ಪಕ್ಕದಲ್ಲಿ ಕೂತ ನಾನು ಮುಗುಳ್ನಗುತ್ತಿದ್ದೆ. ಮೊದಲ ಉತ್ತರ ಕೇಳಿದಾಗಲೇ ನನಗೆ ಅಮ್ಮನ ಆಸ್ಪತ್ರೆಯ ಆ ಕಾರಿಡಾರು ನೆನಪಾಗಿತ್ತು, ಆದರೂ ಬಾಯಿ ಬಿಡಲಿಲ್ಲ. ಆ ಮೌನಕ್ಕಾಗಿ ನನ್ನನ್ನು ನಾನು ಇವತ್ತಿಗೂ ಶಪಿಸಿಕೊಳ್ಳುತ್ತೇನೆ.

ಎರಡು ವಾರಕ್ಕೆ ಪತ್ರ ಬಂತು. ಜ್ಞಾಪಕಶಕ್ತಿ ಕುಂದಿರಬಹುದು ಎಂದಿತ್ತು, ಅದು ಸರಿ. ಮುಂದಿನ ಸಾಲು: ರೋಗಿಯ ಮಾತು ಅಸಂಗತವಾಗಿದೆ, ಗಂಭೀರ ಪ್ರಶ್ನೆಗಳಿಗೆ ಸಂದರ್ಭೋಚಿತವಲ್ಲದ ಹಾಸ್ಯದಿಂದ ಉತ್ತರಿಸುತ್ತಾರೆ, ಬಳಕೆಯಲ್ಲಿಲ್ಲದ ಶಬ್ದಗಳನ್ನು ಬಳಸುತ್ತಾರೆ, ಇದು ವಿವೇಚನೆ ಕೆಡುತ್ತಿರುವ ಲಕ್ಷಣ. ಆದ್ದರಿಂದ ಹಗಲು ಮನೆಯಲ್ಲಿ ಒಬ್ಬರನ್ನೇ ಬಿಡಬಾರದು, ಆರೈಕೆ ಕೇಂದ್ರಕ್ಕೆ ಸೇರಿಸುವ ಬಗ್ಗೆ ಯೋಚಿಸಬೇಕು. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಹಿತ್ತಿಲಿನ ಕುರ್ಚಿ ಬಿಡಿಸಿ, ವಿಮಾನದ ಸದ್ದು ಬಿಡಿಸಿ, ಅಪ್ಪನನ್ನು ಯಾವುದೋ ಹಜಾರದಲ್ಲಿ ಟಿವಿಯ ಮುಂದೆ ಕೂರಿಸಬೇಕಂತೆ. ಅದೂ ಅವರು ಬಡ್ ಕಲಿಸಿದ ಮರ್ಯಾದೆಯಲ್ಲಿ ಮಾತಾಡಿದ ತಪ್ಪಿಗೆ! ಮರೆವು ಎಂದರೆ ಒಪ್ಪುತ್ತೇನೆ. ನಮ್ಮಪ್ಪನ ಮಾತನ್ನೇ ರೋಗ ಎಂದರೆ ನಾನು ಒಪ್ಪುವವಳಲ್ಲ.

ನಮ್ಮ ಯಜಮಾನರು ಧಾರವಾಡದವರು, ಶಾಂತಿಪ್ರಿಯರು. “ಬಿಡ, ಡಾಕ್ಟರ್ ಜೋಡಿ ಏನ್ ವಾದಾ ಮಾಡ್ತಿ? ಅವರು ಕಲ್ತವರು,” ಎಂದರು. ನಾನೇನು ಕಲಿಯದವಳೇ? ಈ ಮಹಾನಗರದಲ್ಲಿ ಸ್ಕಾಟ್ಲೆಂಡಿನವರು ಅವರ ಹಾಗೆ, ಐರ್ಲೆಂಡಿನವರು ಅವರ ಹಾಗೆ, ಮೀನಿನ ಅಂಗಡಿಯ ಲಂಡನ್ನಿಗ ತನಗೆ ತೋಚಿದ ಹಾಗೆ ಇಂಗ್ಲಿಷು ಆಡುತ್ತಾರೆ. ಅವರ ಮೆದುಳನ್ನು ಯಾರೂ ತೂಗಿ ನೋಡುವುದಿಲ್ಲ. ನಮ್ಮವರು ಸ್ವಲ್ಪ ಬೇರೆ ಶಬ್ದ ಬಳಸಿದರೆ ಮಾತ್ರ ಅದು ಲಕ್ಷಣವಾಗುತ್ತದೆಯೇ? ಅಪ್ಪನನ್ನು ಮತ್ತೆ ಪರೀಕ್ಷಿಸಿ, ಆ ಸಾಲನ್ನು ಹೊಡೆದುಹಾಕಬೇಕೆಂದು ಆಸ್ಪತ್ರೆಗೆ ಬರೆದು ಹಾಕಿದೆ. ಮರುಪರೀಕ್ಷೆಗೆ ದಿನ ನಿಗದಿಯಾಯಿತು.

ಅಷ್ಟರೊಳಗೆ ನಾನೊಂದು ನಿಘಂಟು ತಯಾರಿಸಿದೆ. ಎಡಕ್ಕೆ ಅಪ್ಪನ ಮಾತು, ಬಲಕ್ಕೆ ಅದರ ಅರ್ಥ, ಒಟ್ಟು ನಲವತ್ತು ನಮೂದುಗಳು. ‘ಯು ಆರ್ ಆಲ್ ವೆಟ್’: ನೀನು ಹೇಳುತ್ತಿರುವುದು ಪೂರ್ತಾ ತಪ್ಪು. ‘ಆನ್ ದ ಲೆವೆಲ್’: ಪ್ರಾಮಾಣಿಕವಾಗಿ, ಕಪಟವಿಲ್ಲದೆ. ‘ಹಿಟ್ ದ ಹೇ’: ಮಲಗಲು ಹೋಗು. ‘ಅಟ್ಟಾಬಾಯ್’: ಭೇಷ್ ಮಗನೆ. ಲೈಬ್ರರಿಗೆ ಹೋಗಿ ಅಮೆರಿಕದ ದಪ್ಪ ಕೋಶ ತೆಗೆಸಿ ಒಂದೊಂದನ್ನೂ ತಾಳೆ ನೋಡಿದೆ. ಅಪ್ಪ ಬಳಸಿದ್ದರಲ್ಲಿ ಒಂದಾದರೂ ತಪ್ಪಿರಬೇಕಲ್ಲ, ಇರಲಿಲ್ಲ. ಅರ್ಧ ಶತಮಾನದ ಹಿಂದೆ ಕಿವಿಯಿಂದ ಕಲಿತದ್ದನ್ನು ಅಷ್ಟು ನಿರ್ದುಷ್ಟವಾಗಿ ಇಟ್ಟುಕೊಂಡ ತಲೆಯನ್ನು ಕೆಟ್ಟಿದೆ ಎನ್ನುತ್ತಾರಲ್ಲ ಎಂದು ಲೈಬ್ರರಿಯಲ್ಲೇ ಕಣ್ಣು ತುಂಬಿ ಬಂತು. ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಟ್ಟವಳು ಶ್ರುತಿ. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹದಿನೈದರ ಹುಡುಗಿ. “ಅಮ್ಮಾ, ನೋಬಡಿ ಟಾಕ್ಸ್ ಲೈಕ್ ದಿಸ್,” ಎಂದಳು. “ನಿಮ್ಮ ತಾತ ಆಡ್ತಾರಲ್ಲೇ, ನೋಬಡಿ ಅಂದ್ರೆ ಏನು? ಸುಮ್ನೆ ಹೊಡಿ,” ಎಂದೆ.

ಎರಡನೆಯ ಸಲವೂ ಅದೇ ಕೋಣೆ, ಅದೇ ಡಾಕ್ಟರು, ಅದೇ ಟೈ. ನಾನು ಕುಳಿತುಕೊಳ್ಳುವ ಮೊದಲೇ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಇದನ್ನು ಓದಿದ ಮೇಲೆ ಪರೀಕ್ಷೆ ಆರಂಭಿಸಿ ಎಂದೆ. ಮಾತು ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಸಿಟ್ಟಿಗೋ ಹೆದರಿಕೆಗೋ ನನಗೇ ತಿಳಿಯದು. ಡಾಕ್ಟರು ಮೊದಲ ಪುಟದ ಮೇಲೆ ಕಣ್ಣಾಡಿಸಿ, ಆಮೇಲೆ ನೋಡುತ್ತೇನೆ ಎಂದು ಸೌಜನ್ಯದಿಂದ ಬದಿಗಿರಿಸಿದರು. ಸೌಜನ್ಯದಿಂದ ಬದಿಗಿರಿಸುವುದರಲ್ಲಿ ಈ ದೇಶದವರನ್ನು ಮೀರಿಸಿದವರಿಲ್ಲ.

ಸೇಬು, ಗಡಿಯಾರ, ದೋಣಿ ಎಂಬ ಮೂರು ಶಬ್ದಗಳನ್ನು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತೇನೆ ಎಂದರು. ನಡುವೆ ಬೇರೆ ಬೇರೆ ಪ್ರಶ್ನೆಗಳಾದವು. ಕೇಳಿದಾಗ ಅಪ್ಪ, “ಆ್ಯಪಲ್... ಕ್ಲಾಕ್...” ಎಂದು, ಮೂರನೆಯದಕ್ಕಾಗಿ ಮೇಲೆ ನೋಡಿದರು. ಕಿಟಕಿ ನೋಡಿದರು. ತಮ್ಮ ಮೊಟಕು ಬೆರಳನ್ನು ನೋಡಿಕೊಂಡರು. ನನ್ನ ನಾಲಿಗೆಯ ತುದಿಗೆ ಬಂದಿದ್ದ ದೋಣಿಯನ್ನು ಹಲ್ಲು ಕಚ್ಚಿ ಹಿಡಿದೆ. ಅದು ಅಪ್ಪನಿಗೆ ಸಿಗಲೇ ಇಲ್ಲ. ಅಲ್ಲಿ ನಾನು ಜಗಳವಾಡುವಂಥದ್ದೇನೂ ಇರಲಿಲ್ಲ. ನಮ್ಮಪ್ಪನಿಗೆ ಮರೆವು ಬರುತ್ತಿತ್ತು, ಅದು ನಿಜ, ನನಗೆ ಸಂಕಟವಾಯಿತು.

ಕೊನೆಗೆ ಡಾಕ್ಟರು ಒಂದು ಬಿಳಿಯ ಹಾಳೆ ಕೊಟ್ಟು, ಮನಸ್ಸಿಗೆ ಬಂದ ಯಾವುದಾದರೂ ಒಂದು ವಾಕ್ಯ ಬರೆಯಿರಿ, ನಿಮ್ಮ ಭಾಷೆಯಲ್ಲೇ ಆದರೂ ಸರಿ ಎಂದರು. ಅಪ್ಪ ಕನ್ನಡಕ ಏರಿಸಿ ನಿಧಾನವಾಗಿ, ದುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದು ನನ್ನತ್ತ ತಳ್ಳಿದರು. ಓದಿ ಅನುವಾದಿಸುವುದು ನನ್ನ ಪಾಲಿಗೆ ಬಂತು. ‘ನನ್ನ ಮಗಳು ಜಗಳಕ್ಕೆ ಬಂದಿದ್ದಾಳೆ, ಅವಳಿಗೆ ಮೊದಲು ಒಂದು ಲೋಟ ನೀರು ಕೊಡಿ.’

ಡಾಕ್ಟರು ಎದ್ದು ಹೋಗಿ, ಕಾಗದದ ಲೋಟದಲ್ಲಿ ನೀರು ತಂದು ನನ್ನ ಮುಂದಿಟ್ಟು, ಬದಿಗಿರಿಸಿದ್ದ ನನ್ನ ಪಟ್ಟಿಯನ್ನು ಎತ್ತಿಕೊಂಡು ಓದತೊಡಗಿದರು. ನಾನು ಗಟಗಟನೆ ಕುಡಿದೆ. ವಿವೇಚನೆ ಕೆಟ್ಟವರು ಬರೆಯುವ ವಾಕ್ಯವೇ ಅದು? ನೀವೇ ಹೇಳಿ. ಅವರು ನಲವತ್ತೂ ಓದಿ ಮುಗಿಸಿ, ಎರಡು ಕಡೆ ನಕ್ಕು, ಮತ್ತೆ ಮೊದಲ ಪುಟಕ್ಕೆ ಬಂದರು. ಹಂಕಿ-ಡೋರಿಯ ಮೇಲೆ ಬೆರಳಿಟ್ಟು, ಮೊದಲ ದಿನ ಹೇಗಿದ್ದೀರಿ ಎಂದು ಕೇಳಿದಾಗ ಇವರು ಹೇಳಿದ್ದು ಇದನ್ನೇ ಅಲ್ಲವೇ, ಅಂದರೆ ಎಲ್ಲವೂ ಚೆನ್ನಾಗಿದೆ ಎಂದು ಅರ್ಥವೇ ಎಂದರು.

ಕೋಶದ ಪ್ರಕಾರ ಹೌದು. ಆದರೆ ನಮ್ಮ ಮನೆಯ ಪ್ರಕಾರ ಅದೇನೆಂಬುದನ್ನು ನಾನು ಪಟ್ಟಿಯಲ್ಲಿ ಬರೆದಿರಲಿಲ್ಲ. ಅದು ನಮ್ಮ ಗುಟ್ಟು, ಐವತ್ತು ವರ್ಷಗಳಿಂದ ಹೊರಗಿನವರ ಮುಂದೆ ಬಿಚ್ಚದ ಗುಟ್ಟು. ಅಪ್ಪನ ಮುಖ ನೋಡಿದೆ. ಅವರು ಬೇಡ ಎನ್ನುವಂತೆ ತಲೆಯಾಡಿಸಿದರು. ಡಾಕ್ಟರನ್ನು ಎದುರಿಸುವುದೇ ದೊಡ್ಡದೆಂದು ಹೊರಟು ಬಂದವಳಿಗೆ, ಅಪ್ಪನನ್ನು ಎದುರಿಸಬೇಕಾದ ಘಳಿಗೆ ಇದು ಎಂದು ಆಗ ಹೊಳೆಯಿತು. “ಇಲ್ಲ ಡಾಕ್ಟರ್,” ಎಂದು ಅಲಂಕಾರವಿಲ್ಲದ ಇಂಗ್ಲಿಷಿನಲ್ಲಿ ಹೇಳಿದೆ, “ನಮ್ಮ ಮನೆಯಲ್ಲಿ ಹಾಗೆಂದರೆ ನನಗೆ ತುಂಬ ಭಯವಾಗಿದೆ ಎಂದು ಅರ್ಥ. ನೀವು ಕೇಳಿದ ಮೊದಲ ಪ್ರಶ್ನೆಗೇ ಅವರು ನಿಜ ಹೇಳಿಬಿಟ್ಟಿದ್ದರು. ನನಗೆ ತಿಳಿದಿತ್ತು, ನಾನು ಹೇಳಲಿಲ್ಲ.”

“ಯಾಕೆ ವಸು, ಮನೆ ವಿಷ್ಯ ಎಲ್ಲಾ ಇವ್ರಿಗ್ಯಾಕೆ?” ಎಂದು ಅಪ್ಪ ಕನ್ನಡದಲ್ಲಿ ಗದರಿದರು. “ಇರ್ಲಿ ಅಪ್ಪಾ, ಅವ್ರು ಬರ್ಕೊಂಡಿರೋದೆಲ್ಲಾ ತಪ್ಪಿದೆ,” ಎಂದೆ.

ಡಾಕ್ಟರು ಫೈಲು ತೆರೆದು, ಆ ಸಾಲುಗಳ ಮೇಲೆ ಅಡ್ಡಗೆರೆ ಎಳೆದರು; ಒಂದಲ್ಲ, ಎರಡೆಳೆದರು. ಅದರ ಕೆಳಗೆ ಬರೆದದ್ದನ್ನು ನಮ್ಮತ್ತ ತಿರುಗಿಸಿ ತೋರಿಸಿದರು. ಮರೆವು ಆರಂಭವಾಗಿದೆ, ಆರು ತಿಂಗಳಿಗೊಮ್ಮೆ ನೋಡಬೇಕು, ವಿಳಾಸದ ಚೀಟಿ ಜೇಬಿನಲ್ಲಿರಲಿ, ಮನೆ ಬಿಡಿಸುವ ಅಗತ್ಯವಿಲ್ಲ. ಮತ್ತೆ: ತಮಗೆ ಭಯವಾಗಿದೆಯೆಂದು ರೋಗಿ ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ತಿಳಿಸಿದ್ದಾರೆ. ಅಪ್ಪ ಆ ಕೊನೆಯ ಸಾಲನ್ನು ತುಟಿಯಾಡಿಸುತ್ತ ಎರಡು ಸಲ ಓದಿದರು. ಅವರ ಕಣ್ಣಲ್ಲಿ ನೀರು ನಿಂತದ್ದನ್ನು ಅಮ್ಮ ಹೋದಾಗಲೂ ನಾನು ಕಂಡಿರಲಿಲ್ಲ. ಆಮೇಲೆ ಟೈ ಸರಿಪಡಿಸಿಕೊಂಡು, ಕೈ ಚಾಚಿ, “ನೌ ಯು ಆರ್ ಕುಕಿಂಗ್ ವಿತ್ ಗ್ಯಾಸ್, ಡಾಕ್,” ಎಂದರು.

ಡಾಕ್ಟರು ಅಪ್ಪನ ಕೈ ಹಿಡಿದುಕೊಂಡೇ ನನ್ನ ಪಟ್ಟಿಯ ಹಾಳೆಗಳನ್ನು ಮೊಗಚಿ ಹುಡುಕಿದರು. ಅದು ಅಲ್ಲಿರಲಿಲ್ಲ. ನಾನು ಲೋಟ ಕೆಳಗಿಟ್ಟು, ಅವರು ಪೆನ್ನು ಹಿಡಿಯುವವರೆಗೂ ಕಾದೆ.

“ನಲವತ್ತೊಂದು,” ಎಂದೆ. “ಈಗ ದಾರಿಗೆ ಬಂದಿರಿ ಎಂದು ಅರ್ಥ. ಬರೆದುಕೊಳ್ಳಿ.”